ಒಡೆತನ ತಪ್ಪಿದ ಕೆಲಸಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಲಗ್ನಗಳಲ್ಲಿ ಕಣ್ತಪ್ಪುವ ಸಂಗತಿಗಳು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಲಗ್ನವೆಂಬುದು ಹೆಸರಿಗೆ ಒಂದು ಮನೆಯ ಕಾರ್ಯವಾಗಿದ್ದರೂ ಅದನ್ನು ಹೊತ್ತು ನಡೆಸುತ್ತಿದ್ದುದು ಇಡೀ ಓಣಿಯೇ ಆಗಿತ್ತು. ಅಂಗಳದಲ್ಲಿ ಹಂದರ ಹಾಕಲು ಗಳ ಮತ್ತು ತಪ್ಪಲು ತರುವವರು, ಹಾಲು ಒಸರುವ ಮರದ ಕೊಂಬೆಯನ್ನು ತಂದು ಹಾಲಗಂಬವಾಗಿ ನೆಡುವವರು, ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಗಡಿಗೆಗಳನ್ನು ವಾಜಂತ್ರಿಯೊಂದಿಗೆ ಹೊತ್ತು ತರುವವರು, ಹೆಣ್ಣುಮಕ್ಕಳಿಗೆ ಬಳೆ ಇಡಿಸುವವರು, ಬೀಗರ ಕಾಲಿಗೆ ನೀರು ಕೊಡುವವರು, ಉಂಡವರ ಎಲೆ ಎತ್ತುವವರು ಯಾರು ಯಾರೆಂಬುದು ರೂಢಿಯಿಂದಲೇ ನಿಶ್ಚಯವಾಗಿರುತ್ತಿದ್ದುದರಿಂದ, ಕೆಲಸಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದಿಡುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಊರಿನ ಸೇವೆಗೆ ಪ್ರತಿಯಾಗಿ ರಾಶಿಯ ಕಾಲದಲ್ಲಿ ಕಾಳಿನ ಪಾಲು ಪಡೆಯುತ್ತಿದ್ದ ಆಯಗಾರರು ಈ ಏರ್ಪಾಡಿನ ಬೆನ್ನೆಲುಬಾಗಿದ್ದರು. ಆ ಏರ್ಪಾಡಿನೊಳಗೆ ಜಾತಿಯ ಕಟ್ಟು ಬಿಗಿಯಾಗಿತ್ತು, ಒಲ್ಲೆನೆನ್ನುವ ಸ್ವಾತಂತ್ರ್ಯ ದುಡಿಯುವವರಿಗೆ ಇರಲಿಲ್ಲ. ಆದ್ದರಿಂದ ಅದು ಸಡಿಲವಾದುದಕ್ಕೆ ಮರುಗಬೇಕಾದ ಕಾರಣವಿಲ್ಲ. ಆದರೆ ಲಗ್ನವು ಅಂಗಳದಿಂದ ಮಂಗಲ ಕಾರ್ಯಾಲಯಕ್ಕೆ ನಡೆದುಬಂದಾಗ ಹಣ ಹುಟ್ಟುವ ಕೆಲಸಗಳಿಗೆಲ್ಲ ಗುತ್ತಿಗೆದಾರರು ದೊರೆತರು, ಹಣ ಹುಟ್ಟದ ಕೆಲಸಗಳು ಮಾತ್ರ ಯಾರಿಗೂ ಸೇರದೆ ಉಳಿದವು. ಇಂದು ಲಗ್ನದ ಮನೆಯವರು "ಇದೊಂದು ಲಕ್ಷ್ಯಕ್ಕೇ ಬರಲಿಲ್ಲ" ಎಂದು ಪೇಚಾಡುವ ಸಂಗತಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಹೀಗೆ ಒಡೆತನ ತಪ್ಪಿದ ಕೆಲಸಗಳೇ ಆಗಿರುತ್ತವೆ.

ಮೊದಲು ಎದುರಾಗುವುದು ದಿನದ ಪ್ರಶ್ನೆ. ಪಂಚಾಂಗದಲ್ಲಿ ಮುಹೂರ್ತ ನೋಡಿಸುವುದನ್ನು ಯಾರೂ ಮರೆಯುವುದಿಲ್ಲ, ಆದರೆ ಮುಹೂರ್ತದ ಸುತ್ತಲಿನ ಸಂಗತಿಗಳನ್ನು ನೋಡುವವರು ಕಡಿಮೆ. ಕಾರ್ತಿಕ ಮಾಸದ ತುಳಸಿ ಲಗ್ನದ ನಂತರ ಆರಂಭವಾಗುವ ಲಗ್ನಸರಾಯಿ, ಅಂದರೆ ಲಗ್ನಗಳ ಹಂಗಾಮು, ಆಷಾಢ ಹಿಡಿಯುವವರೆಗೆ ನಡೆಯುತ್ತದೆಯಾದರೂ, ಚಾಂದ್ರಮಾನವನ್ನು ಸೌರಮಾನಕ್ಕೆ ಹೊಂದಿಸಲು ಸುಮಾರು 32 ತಿಂಗಳಿಗೊಮ್ಮೆ ಸೇರಿಸುವ ಅಧಿಕ ಮಾಸವು ಈ ಅವಧಿಯೊಳಗೆ ಬಿದ್ದರೆ ಒಂದಿಡೀ ತಿಂಗಳು ಕೈಬಿಡುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವಿರುವುದು ಇದಕ್ಕೆ ಉದಾಹರಣೆ. ಇಂಥ ವರ್ಷಗಳಲ್ಲಿ ಉಳಿದ ಕೆಲವೇ ಮುಹೂರ್ತಗಳ ಮೇಲೆ ಎಲ್ಲ ಮನೆತನಗಳೂ ಮುಗಿಬೀಳುವುದರಿಂದ, ಕಾರ್ಯಾಲಯ ಸಿಕ್ಕಿದರೂ ಅಡುಗೆಯವರು, ವಾಜಂತ್ರಿಯವರು, ಅಕ್ಷತೆ ನಡೆಸಿಕೊಡುವ ಅಯ್ಯನವರು ಅಥವಾ ಆಚಾರ್ಯರು ಒಂದೇ ದಿನ ಎರಡು ಮೂರು ಊರುಗಳಿಗೆ ಒಪ್ಪಿಕೊಂಡಿರುವುದು ಕಂಡುಬರುತ್ತದೆ. ಒಪ್ಪಿಕೊಂಡವರನ್ನು ಅದೇ ದಿನ ಬೇರೆ ಕಡೆಗೂ ಹೋಗಲಿದ್ದೀರಾ ಎಂದು ಕೇಳುವುದು ಒರಟುತನವಲ್ಲ. ಕೇಳದಿದ್ದರೆ ಮುಹೂರ್ತ ಜಾರುತ್ತದೆ. ಇದರ ಜೊತೆಗೆ ಊರಿನ ಜಾತ್ರೆಯ ಲೆಕ್ಕವೂ ಇದೆ. ಹಲವು ವರ್ಷಗಳಿಗೊಮ್ಮೆ ಗ್ರಾಮದೇವತೆಯ ಜಾತ್ರೆ ನಡೆಸುವ ಊರುಗಳಲ್ಲಿ ಜಾತ್ರೆಗೆ ಮುಂಚೆ ವಾರ ಹಿಡಿಯುವ, ಅಂದರೆ ಗೊತ್ತುಮಾಡಿದ ವಾರದ ದಿನಗಳಂದು ದುಡಿಮೆಯನ್ನೂ ಶುಭಕಾರ್ಯವನ್ನೂ ಬಿಡುವ ನೇಮವಿರುತ್ತದೆ. ಹೆಣ್ಣಿನ ಊರಿನ ನೇಮವು ಗಂಡಿನ ಊರಿನವರಿಗೆ ತಿಳಿದಿರುವುದಿಲ್ಲವಾದ್ದರಿಂದ, ಸಾಕರಪುಡೆ ಅಥವಾ ವೀಳ್ಯದ, ಅಂದರೆ ನಿಶ್ಚಯದ ದಿನವೇ ಎರಡೂ ಊರಿನ ಹಿರಿಯರನ್ನು ಈ ಬಗ್ಗೆ ಕೇಳಿಕೊಳ್ಳುವುದು ಒಳ್ಳೆಯದು.

ಈ ಸೀಮೆಗೇ ವಿಶಿಷ್ಟವಾದ ಇನ್ನೊಂದು ಪಂಚಾಂಗವೆಂದರೆ ಕಬ್ಬಿನದು. ಘಟಪ್ರಭೆಯ ನೀರಾವರಿಯಿಂದ ಮೂರೂ ತಾಲೂಕುಗಳು ಕಬ್ಬಿನ ನಾಡಾಗಿದ್ದು, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಗೋಕಾಕ ಮತ್ತು ಮೂಡಲಗಿ ಸೀಮೆಯ ಕಾರ್ಖಾನೆಗಳವರೆಗೆ ಕಬ್ಬು ನುರಿಸುವ ಹಂಗಾಮು ಹಿಡಿಯುವುದು ಲಗ್ನಗಳು ಆರಂಭವಾಗುವ ಕಾಲಕ್ಕೇ. ಎರಡೆರಡು ಟ್ರೇಲರ್‌ಗಳನ್ನು ಜೋಡಿಸಿಕೊಂಡು ಸಾಗುವ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಯನ್ನು ಹಿಡಿದಿರುವಾಗ ಬೀಗರ ವಾಹನಗಳು ಬೇಸಿಗೆಯ ಲೆಕ್ಕದಲ್ಲಿ ತಲುಪುವುದು ಸಾಧ್ಯವಿಲ್ಲ. ರಾತ್ರಿಯ ಹೊತ್ತಿನಲ್ಲಂತೂ ಹಿಂಬದಿಯಲ್ಲಿ ಬೆಳಕಾಗಲಿ ಮಿನುಗುಪಟ್ಟಿಯಾಗಲಿ ಇಲ್ಲದ ಟ್ರೇಲರ್‌ಗಳು ಜೀವಕ್ಕೇ ಎರವಾಗಬಲ್ಲವು. ಆದ್ದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗಿನ ಲಗ್ನಗಳಲ್ಲಿ ಗಂಡಿನ ಕಡೆಯವರು ಹಿಂದಿನ ಸಂಜೆ ಬೆಳಕಿರುವಾಗಲೇ ಬಂದು ತಂಗುವಂತೆ ಏರ್ಪಾಡು ಮಾಡುವುದು ಉಪಚಾರದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತೂ ಹೌದು. 2025ರ ನವೆಂಬರ್ ಮೊದಲ ವಾರದಲ್ಲಿ, ತುಳಸಿ ಲಗ್ನದ ಹೊತ್ತಿಗೇ, ಕಬ್ಬಿಗೆ ನ್ಯಾಯವಾದ ಬೆಲೆ ಕೇಳಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹೆದ್ದಾರಿಯ ಮೇಲೆ ಧರಣಿ ಕುಳಿತುದು ಈ ಭಾಗದವರಿಗೆ ನೆನಪಿರುತ್ತದೆ; ಪರ್ಯಾಯ ದಾರಿಯೊಂದನ್ನು ಮೊದಲೇ ಗೊತ್ತುಮಾಡಿ ವಾಹನದವರಿಗೆ ತಿಳಿಸಿಡುವುದು ಎಷ್ಟು ಅಗತ್ಯವೆಂಬುದನ್ನು ಅಂಥ ದಿನಗಳು ತೋರಿಸಿಕೊಡುತ್ತವೆ. ಲಗ್ನದ ಖರ್ಚಿಗೂ ಕಬ್ಬಿಗೂ ನೇರ ಸಂಬಂಧವಿದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಕಾರ್ಖಾನೆಯು ಹಣ ಪಾವತಿಸಬೇಕಾಗಿದ್ದರೂ, ಬಿಲ್ಲು ತಡವಾಗುವುದು ಇಲ್ಲಿನ ರೈತರ ಹಳೆಯ ದೂರು. ಆ ಬಿಲ್ಲನ್ನೇ ನಂಬಿ ಅಕ್ಷತೆಯ ದಿನಕ್ಕೆ ಪಾವತಿಗಳನ್ನು ಒಪ್ಪಿಕೊಂಡವರು ಕೈಸಾಲದ ಬಡ್ಡಿಗೆ ಸಿಲುಕುತ್ತಾರೆ.

ಹೊರಊರಿನಿಂದ ರೈಲಿನಲ್ಲಿ ಬರುವವರ ವಿಷಯದಲ್ಲಿ ಒಂದು ಸಣ್ಣ ಮಾತನ್ನು ಲಗ್ನಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಬಹುದು. ಗೋಕಾಕ ಪಟ್ಟಣದೊಳಗೆ ರೈಲು ನಿಲ್ದಾಣವಿಲ್ಲ. ಗೋಕಾಕ ರೋಡ್ ಎಂಬ ಹೆಸರಿನ ನಿಲ್ದಾಣವೂ ಘಟಪ್ರಭಾ ನಿಲ್ದಾಣವೂ ಊರಿನಿಂದ ದೂರದಲ್ಲಿದ್ದು, ಅಲ್ಲಿಂದ ವಾಹನ ಮಾಡಿಕೊಂಡೇ ಬರಬೇಕು. ಇಳಿಯಬೇಕಾದ ನಿಲ್ದಾಣದ ಹೆಸರು ಮತ್ತು ಕರೆದೊಯ್ಯಲು ಬರುವವರ ದೂರವಾಣಿ ಸಂಖ್ಯೆ ಇವೆರಡೇ ಸಾಲುಗಳು ವಯಸ್ಸಾದ ನೆಂಟರ ಅರ್ಧ ದಿನದ ಅಲೆದಾಟವನ್ನು ತಪ್ಪಿಸುತ್ತವೆ.

ಊಟದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ, ಏಕೆಂದರೆ ಈ ಸೀಮೆಯ ಲಗ್ನದ ಲಯವೇ ಬೇರೆ. ದಕ್ಷಿಣದ ಜಿಲ್ಲೆಗಳಲ್ಲಿ ಹಿಂದಿನ ಸಂಜೆಯ ಆರತಕ್ಷತೆ ಮತ್ತು ಮರುದಿನದ ಮುಹೂರ್ತಗಳ ನಡುವೆ ಜನ ಹಂಚಿಹೋಗುತ್ತಾರೆ. ಇಲ್ಲಿ ಪತ್ರಿಕೆಯಲ್ಲಿ ಅಕ್ಷತಾರೋಪಣದ ವೇಳೆಯೆಂದು ಅಚ್ಚಾದ ಮಧ್ಯಾಹ್ನದ ಗಳಿಗೆಗೆ ಎಲ್ಲರೂ ಒಟ್ಟಿಗೆ ಸೇರುತ್ತಾರೆ, ಮಂಗಳಾಷ್ಟಕ ಮುಗಿದು ಅಕ್ಕಿಕಾಳು ವಧೂವರರ ಮೇಲೆ ಬಿದ್ದೊಡನೆ ಎಲ್ಲರೂ ಒಟ್ಟಿಗೆ ಊಟದ ಕಡೆ ತಿರುಗುತ್ತಾರೆ. ಹೀಗಾಗಿ ಒಟ್ಟು ಎಷ್ಟು ಜನ ಉಣ್ಣುತ್ತಾರೆ ಎಂಬುದಕ್ಕಿಂತ ಮೊದಲ ಒಂದು ಗಂಟೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂಬುದೇ ಮುಖ್ಯವಾದ ಲೆಕ್ಕ. ಕಾರ್ಯಾಲಯ ಗೊತ್ತುಮಾಡುವಾಗ ಸಭಾಭವನದಲ್ಲಿ ಎಷ್ಟು ಕುರ್ಚಿ ಹಿಡಿಯುತ್ತವೆ ಎಂದು ಎಲ್ಲರೂ ಕೇಳುತ್ತಾರೆ. ಊಟದ ಮನೆಯಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ, ಕೈತೊಳೆಯುವ ನಲ್ಲಿಗಳು ಎಷ್ಟು, ಆ ನಲ್ಲಿಗಳಿಗೆ ನೀರು ಬರುವ ತೊಟ್ಟಿ ಎಷ್ಟು ದೊಡ್ಡದು, ಏಪ್ರಿಲ್ ತಿಂಗಳಲ್ಲಿ ಬೋರ್‌ವೆಲ್‌ನಲ್ಲಿ ನೀರಿರುತ್ತದೆಯೇ ಎಂದು ಕೇಳುವವರು ವಿರಳ. ಕೈತೊಳೆಯುವ ಸಾಲು ನಿಂತರೆ ಪಂಕ್ತಿ ನಿಲ್ಲುತ್ತದೆ, ಪಂಕ್ತಿ ನಿಂತರೆ ಬಿಸಿಲಿನಲ್ಲಿ ಮುದುಕರೂ ಮಕ್ಕಳೂ ಕಾಯುತ್ತಾರೆ. ಮಧುಮೇಹವಿರುವವರಿಗೆ, ಬಸುರಿಯರಿಗೆ, ಹಸಿವು ತಡೆಯಲಾರದ ವಯೋವೃದ್ಧರಿಗೆ ಅಕ್ಷತೆಗೆ ಮೊದಲೇ ಒಂದಿಷ್ಟು ಉಪ್ಪಿಟ್ಟು, ಮಜ್ಜಿಗೆ ಒದಗಿಸುವ ಕೆಲಸಕ್ಕೆ ಯಾರನ್ನೂ ನೇಮಿಸಿರುವುದಿಲ್ಲ. ವಾಹನ ಚಾಲಕರು, ಫೋಟೊ ತೆಗೆಯುವವರು, ವಾಜಂತ್ರಿಯವರು, ವಿದ್ಯುತ್ ನೋಡಿಕೊಳ್ಳುವವರು ಎಲ್ಲರ ಊಟ ಮುಗಿದ ಮೇಲೆ ಉಳಿದುದಕ್ಕೆ ಬರುತ್ತಾರೆ, ಎಷ್ಟೋ ಸಲ ಅವರಿಗೆ ಏನೂ ಉಳಿದಿರುವುದಿಲ್ಲ. ಬೆಳಗಿನಿಂದ ದುಡಿದವರು ಹಸಿದು ಹೋಗುವುದು ಲಗ್ನದ ಮನೆಗೆ ಸಲ್ಲದು. ಅವರ ಪಾಲನ್ನು ಮೊದಲೇ ತೆಗೆದಿರಿಸಲು ಮನೆಯ ಒಬ್ಬರಿಗೆ ಹೇಳಿಟ್ಟರೆ ಸಾಕಾಗುತ್ತದೆ.

ಅಡುಗೆಯ ಸುರಕ್ಷತೆಯಲ್ಲಿ ಹೆಚ್ಚು ಅಪಾಯ ತರುವುದು ಜನ ಶಂಕಿಸುವ ಪದಾರ್ಥಗಳಲ್ಲ, ಯಾರೂ ಶಂಕಿಸದ ಅನ್ನ. ಅಕ್ಕಿಯಲ್ಲಿ ಸಹಜವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯು ಬೀಜಕ, ಅಂದರೆ ಗಟ್ಟಿ ಹೊದಿಕೆಯೊಳಗೆ ಸುಪ್ತವಾಗಿರುವ ರೂಪದಲ್ಲಿ ಕುದಿಯುವ ನೀರನ್ನೂ ತಾಳಿಕೊಳ್ಳುತ್ತದೆ. ಬೆಂದ ಅನ್ನವನ್ನು ಬೆಳಗಿನ ಜಾವವೇ ಬಟ್ಟೆಯ ಮೇಲೆ ರಾಶಿ ಹಾಕಿ ಮಧ್ಯಾಹ್ನದವರೆಗೆ ಬಿಟ್ಟಾಗ ಅದು ಎಚ್ಚೆತ್ತು ಬೆಳೆದು ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತದೆ, ಮತ್ತು ಆ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯನ್ನು ಆಹಾರ ತಜ್ಞರು ಅಪಾಯದ ವಲಯವೆಂದು ಕರೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಅಡುಗೆಮನೆ ಈ ವಲಯದ ನಟ್ಟನಡುವೆಯೇ ಇರುತ್ತದೆ. ಹಾಲಿನ ಪದಾರ್ಥಗಳಲ್ಲಿಯೂ ಕೈಯಿಂದ ಉಂಡೆ ಕಟ್ಟುವ ಸಿಹಿಗಳಲ್ಲಿಯೂ, ಕೈಯಲ್ಲಿ ಗಾಯ ಅಥವಾ ಕೀವಿರುವವರಿಂದ ಸ್ಟೆಫಿಲೋಕಾಕಸ್ ಎಂಬ ಇನ್ನೊಂದು ಬಗೆಯ ಸೂಕ್ಷ್ಮಜೀವಿ ಸೇರಿಕೊಳ್ಳುತ್ತದೆ. ಆದ್ದರಿಂದ ಅನ್ನವನ್ನು ಒಂದೇ ಸಲ ಮಾಡದೆ ಪಂಕ್ತಿಗೆ ತಕ್ಕಂತೆ ಎರಡು ಮೂರು ಸರದಿಯಲ್ಲಿ ಮಾಡಿಸುವುದು, ಗೋದಿ ಹುಗ್ಗಿಯನ್ನೂ ಸಾರನ್ನೂ ಒಲೆಯ ಕಾವಿನಲ್ಲಿಯೇ ಇರಿಸುವುದು, ಕೈಗೆ ಗಾಯವಾದವರನ್ನು ಅಂದು ಬಡಿಸುವ ಕೆಲಸದಿಂದ ಬಿಡಿಸುವುದು ಅಡುಗೆಯವರೊಂದಿಗಿನ ಒಪ್ಪಂದದ ಭಾಗವಾಗಬೇಕು. ಕ್ಯಾಟರಿಂಗ್ ನಡೆಸುವವರಿಗೆ 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಕಡ್ಡಾಯವಾಗಿದ್ದು, ಅದರ 14 ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆಯುವ ಹಕ್ಕು ಹಣ ಕೊಡುವವರಿಗಿದೆ. ಮನೆಬಳಕೆಯ 14.2 ಕಿಲೋ ಸಿಲಿಂಡರ್‌ಗಳನ್ನು ಇಂಥ ಗುತ್ತಿಗೆಯ ಅಡುಗೆಗೆ ಬಳಸುವಂತಿಲ್ಲ. 19 ಕಿಲೋದ ವಾಣಿಜ್ಯ ಸಿಲಿಂಡರ್‌ಗಳನ್ನು ತರಿಸಿ, ಜನ ಓಡಾಡುವ ದಾರಿಯಿಂದ ದೂರವಿಡಬೇಕು.

ಊಟದ ತಟ್ಟೆಗೂ ಲಗ್ನಪತ್ರಿಕೆಗೂ ಒಂದೇ ಕಾನೂನು ಅನ್ವಯಿಸುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದಿರುವ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಲ್ಲದೆ, ಅಲಂಕಾರದ ಥರ್ಮೊಕೋಲ್, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್, ಸಿಹಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆ ಇವೆಲ್ಲವೂ ಸೇರಿವೆ. ಬೀಗರಿಗೆ ಕೊಡುವ ಗೋಕಾಕ ಕರದಂಟಿನ ಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತಿಸುವುದೂ ಪಂಕ್ತಿಗೆ ಪತ್ರಾವಳಿ, ಬಾಳೆ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ತರಿಸುವುದೂ ಕಷ್ಟದ ಮಾತಲ್ಲ, ಆದರೆ ತಿಂಗಳ ಮೊದಲೇ ಹೇಳಿಟ್ಟಿರಬೇಕು.

ವಿದ್ಯುತ್ತಿನ ವಿಷಯದಲ್ಲಿ ಈ ಮೂರು ತಾಲೂಕುಗಳ ನಡುವೆಯೇ ವ್ಯತ್ಯಾಸವಿದೆ. ಗೋಕಾಕ ಮತ್ತು ಮೂಡಲಗಿಗಳಲ್ಲಿ ಹೆಸ್ಕಾಂ ವಿದ್ಯುತ್ ಪೂರೈಸಿದರೆ, ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಈ ಕೆಲಸ ಮಾಡುತ್ತಿದ್ದು, ಗ್ರಾಹಕರೇ ಸದಸ್ಯರಾಗಿರುವ ಇಂಥ ವಿತರಣಾ ಸಂಘ ಕರ್ನಾಟಕದಲ್ಲಿ ಬೇರೊಂದಿಲ್ಲ. ಗೋಕಾಕದವರು ಹುಕ್ಕೇರಿ ಸೀಮೆಯ ಹಳ್ಳಿಯಲ್ಲಿ ಹಂದರ ಹಾಕುವಾಗ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಸಲ್ಲಿಸಬೇಕಾದ ಕಚೇರಿಯೇ ಬೇರೆಯಾಗಿರುತ್ತದೆ. ಕಂಬದ ತಂತಿಗೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯಂತೆ ಕಳ್ಳತನ; ಅದಕ್ಕಿಂತ ಮುಖ್ಯವಾಗಿ, ಅಳತೆ ಮೀರಿದ ಹೊರೆಯಿಂದ ತಂತಿ ಕಾದು ಬೆಂಕಿ ಹೊತ್ತಿಕೊಳ್ಳುವ ದಾರಿ. ತಮಿಳುನಾಡಿನ ಶ್ರೀರಂಗದ ಕಲ್ಯಾಣ ಮಂಟಪವೊಂದರಲ್ಲಿ 2004ರ ಜನವರಿ 23ರಂದು ವಿಡಿಯೊ ಚಿತ್ರೀಕರಣದ ದೀಪದ ತಂತಿಯಿಂದ ಹೊತ್ತಿದ ಕಿಡಿ ಗರಿಯ ಚಪ್ಪರಕ್ಕೆ ಹಬ್ಬಿ, ಮದುಮಗನೂ ಸೇರಿದಂತೆ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಚಪ್ಪರ ಮತ್ತು ತಾತ್ಕಾಲಿಕ ಕಟ್ಟಡಗಳ ಅಗ್ನಿ ಸುರಕ್ಷತೆಗಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ 8758 ಎಂಬ ಪ್ರತ್ಯೇಕ ಮಾರ್ಗಸೂಚಿಯನ್ನೇ ರೂಪಿಸಿದೆಯಾದರೂ, ಹಂದರದ ಲಗ್ನಗಳಲ್ಲಿ ಅದನ್ನು ನೆನೆಯುವವರು ಕಡಿಮೆ. ಹೊರಹೋಗಲು ಎದುರುಬದುರು ಎರಡು ದಾರಿ, ದೀಪದ ಕಾವು ಬಟ್ಟೆಗೆ ತಾಗದ ಅಂತರ, ಜೋಡಣೆಗಳಿಗೆ ಸುತ್ತಿದ ನಿರೋಧಕ ಪಟ್ಟಿ, ಜನರೇಟರ್‌ನ ಡೀಸೆಲ್ ಡಬ್ಬಿಯನ್ನು ಹಂದರದಿಂದ ದೂರವಿಡುವುದು, ಮೂಲೆಗಳಲ್ಲಿ ಮರಳಿನ ಬುಟ್ಟಿ ಇಷ್ಟನ್ನು ಸಂಜೆಯ ಬೆಳಕಿನಲ್ಲಿ ಒಬ್ಬರು ನಡೆದಾಡಿ ನೋಡಿಬಂದರೂ ಬಹಳವಾಯಿತು. ಮೇ ತಿಂಗಳ ಹಂದರಗಳಿಗೆ ಗಾಳಿಯ ಭಯವೂ ಉಂಟು. ಮುಂಗಾರಿಗೆ ಮುನ್ನ ಬೀಳುವ ಅವಕಾಳಿ ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಇಳಿದ ಮೇಲೆ ಬಿರುಗಾಳಿ, ಆಣೆಕಲ್ಲುಗಳೊಂದಿಗೆ ಬರುವುದರಿಂದ, ಸಂಜೆಯ ಕಾರ್ಯಕ್ರಮವನ್ನು ತಗಡಿನ ಶಾಮಿಯಾನದಡಿ ಇಟ್ಟುಕೊಳ್ಳುವವರು ಗೂಟಗಳ ಆಳವನ್ನು ಖುದ್ದಾಗಿ ನೋಡಬೇಕು. ಶ್ರಾವಣದಲ್ಲಿ ಲಗ್ನ ಇಟ್ಟುಕೊಳ್ಳುವವರು ಹಿಡಕಲ್ ಜಲಾಶಯದಿಂದ ನೀರು ಬಿಡುವ ಸೂಚನೆಗಳನ್ನು ಗಮನಿಸುತ್ತಿರಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಗೋಕಾಕದ ತಗ್ಗಿನ ಓಣಿಗಳು ಮುಳುಗಿ ಸೇತುವೆಗಳ ಮೇಲಿನ ಸಂಚಾರ ನಿಂತುಹೋಗಿತ್ತು.

ಡಾಲ್ಬಿಯೆಂದು ಈ ಭಾಗದವರು ಕರೆಯುವ ಭಾರಿ ಧ್ವನಿವರ್ಧಕಗಳ ಬಗ್ಗೆ ಒಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಹಚ್ಚುವಂತಿಲ್ಲ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುವ ಮಗುವಿಗೆ ಆ ಸದ್ದು ಯಾವ ಹಾನಿ ಮಾಡುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕರಡಿ ಮಜಲು, ಸನಾದಿ, ಡೊಳ್ಳುಗಳ ಶ್ರೇಷ್ಠ ಕಲಾವಿದರು ಈ ಮೂರು ತಾಲೂಕುಗಳ ಸುತ್ತಮುತ್ತಲೇ ಇರುವಾಗ ಅವರನ್ನು ಬಿಟ್ಟು ಯಂತ್ರದ ಗದ್ದಲಕ್ಕೆ ಹಣ ಸುರಿಯುವುದು ನಿಜಕ್ಕೂ ನಷ್ಟದ ಬಾಬತ್ತು.

ಶಾಸ್ತ್ರಗಳ ವಿಷಯಕ್ಕೆ ಬಂದರೆ, ಕಾರ್ಯಾಲಯಕ್ಕೆ ಸ್ಥಳಾಂತರವಾದ ಲಗ್ನದಲ್ಲಿ ಅಕ್ಷತೆಗೆ ಮುಂಚಿನ ಆಚರಣೆಗಳು ಎಲ್ಲಿ, ಯಾವಾಗ ನಡೆಯಬೇಕೆಂಬುದೇ ಗೊಂದಲವಾಗುತ್ತದೆ. ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು ನೂಲು ಸುತ್ತಿ ನಡುವೆ ಕೂರಿಸಿ ನೀರೆರೆಯುವ ಸುರಗಿಗೆ ನೀರು ಹರಿದುಹೋಗುವ ಅಂಗಳ ಬೇಕು. ನುಣುಪು ಹಾಸುಗಲ್ಲಿನ ಭವನದಲ್ಲಿ ಅದನ್ನು ಮಾಡಿದರೆ ಅರಿಶಿನದ ನೀರಿನ ಮೇಲೆ ಕಾಲು ಜಾರುತ್ತದೆ. ವೀರಭದ್ರನ ಒಕ್ಕಲಿನ ಮನೆತನಗಳಲ್ಲಿ ಗುಗ್ಗಳ, ಅಂದರೆ ಬೆಂಕಿಯ ಕೊಡ ಹೊತ್ತ ಮೆರವಣಿಗೆ, ಹೊರಡಿಸುವುದಾದರೆ ವೀರಭದ್ರನ ಕುಣಿತದ ಪುರವಂತರಿಗೆ ಮೊದಲೇ ಹೇಳಿ ಕಳಿಸಬೇಕು, ಮೆರವಣಿಗೆಯ ದಾರಿಯನ್ನೂ ಗೊತ್ತುಮಾಡಿರಬೇಕು. ಐರಾಣಿಯ ಗಡಿಗೆಗಳನ್ನು ಮಾಡುವ ಕುಂಬಾರರು ಈಗ ಎಲ್ಲ ಊರುಗಳಲ್ಲಿಯೂ ಇಲ್ಲ, ಇದ್ದವರಿಗೂ ಮಣ್ಣು ಹದ ಮಾಡಿ, ಸುಟ್ಟು, ಬಣ್ಣ ಬರೆಯಲು ಕಾಲ ಹಿಡಿಯುತ್ತದೆ. ಹಿಂದೆ ಆಯದ ರೂಪದಲ್ಲಿ ಸಲ್ಲುತ್ತಿದ್ದ ಪಾಲು ನಿಂತುಹೋಗಿರುವಾಗ, ಅವರಿಗೆ ಸೀರೆ, ಕುಪ್ಪಸ, ಉಲುಪೆಯ ಗೌರವದ ಜೊತೆಗೆ ಕೆಲಸದ ನಿಜವಾದ ಬೆಲೆಯನ್ನೂ ಕೊಡುವುದು ಧರ್ಮವಾಗುತ್ತದೆ. ಶಾಸ್ತ್ರದ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದಕ್ಕೆ ಇಂದು ಯಾವ ಸಮರ್ಥನೆಯೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗುವುದು ಕಾಗದಪತ್ರಗಳು, ಮತ್ತು ಅವುಗಳ ಕೊರತೆಯ ಪೆಟ್ಟು ಹೆಚ್ಚಾಗಿ ಬೀಳುವುದು ಹೆಣ್ಣುಮಗಳ ಮೇಲೆ. ಮೊದಲನೆಯದು ವಯಸ್ಸಿನ ದಾಖಲೆ. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕೆಂಬುದು ಗೊತ್ತಿದ್ದವರಿಗೂ, ಕರ್ನಾಟಕವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದಿರುವ ತಿದ್ದುಪಡಿಯಂತೆ ಈ ರಾಜ್ಯದಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಶೂನ್ಯ, ಅಂದರೆ ಕಾನೂನಿನ ಕಣ್ಣಿನಲ್ಲಿ ನಡೆದೇ ಇಲ್ಲವೆಂದು ಪರಿಗಣಿತವಾಗುತ್ತದೆ ಎಂಬುದು ತಿಳಿದಿರುವುದಿಲ್ಲ. ನಡೆಸಿಕೊಟ್ಟವರೂ ಪ್ರೋತ್ಸಾಹಿಸಿದವರೂ ಶಿಕ್ಷೆಗೆ ಗುರಿಯಾಗುವುದರಿಂದ, ಕಾರ್ಯಾಲಯದವರಾಗಲಿ ಪೌರೋಹಿತ್ಯದವರಾಗಲಿ ಜನ್ಮ ದಾಖಲೆ ಕೇಳಿದರೆ ಅದನ್ನು ಅವಮಾನವೆಂದು ಎಣಿಸಬಾರದು. ಎರಡನೆಯದು ಹೆಸರು ಮತ್ತು ವಿಳಾಸದ ಹೊಂದಾಣಿಕೆ. ಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು, ಆಧಾರ್‌ನಲ್ಲಿ ಶಾಲೆಯ ಹೆಸರು, ಅಂಕಪಟ್ಟಿಯಲ್ಲಿ ಮತ್ತೊಂದು ಕಾಗುಣಿತ ಹೀಗಿದ್ದಾಗ ನೋಂದಣಿಯ ಮೇಜಿನೆದುರು ತೊಡಕು ಏಳುತ್ತದೆ. ಮೂಡಲಗಿಯವರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು: 2018ರಲ್ಲಿ ಮೂಡಲಗಿ ಪ್ರತ್ಯೇಕ ತಾಲೂಕಾಗುವವರೆಗೆ ಅಲ್ಲಿನ ಹಳ್ಳಿಗಳು ಗೋಕಾಕ ತಾಲೂಕಿನಲ್ಲಿದ್ದುದರಿಂದ, ಒಬ್ಬರದೇ ಹಳೆಯ ದಾಖಲೆಯಲ್ಲಿ ಗೋಕಾಕವೆಂದೂ ಹೊಸದರಲ್ಲಿ ಮೂಡಲಗಿಯೆಂದೂ ಇರುವುದು ಸಾಮಾನ್ಯ. ಗಡಿಯಾಚೆಯ ಗಡಹಿಂಗ್ಲಜ, ಕೊಲ್ಹಾಪುರ ಸೀಮೆಯ ಬೀಗತನವಾದರೆ ಮರಾಠಿ ದಾಖಲೆಗಳ ಲಿಪ್ಯಂತರದಲ್ಲಿ ಅಡ್ಡಹೆಸರು ಬದಲಾಗುವುದೂ ಉಂಟು.

ಇದರ ಬೆನ್ನಿಗೇ ಬರುವುದು ಆಯೇರಿಯ ಪುಸ್ತಕ. ಲಗ್ನದಲ್ಲಿ ಒಬ್ಬರು ವಹಿ ಹಿಡಿದು ಕುಳಿತು, ಯಾವ ಊರಿನ ಯಾರು ಏನು ಆಯೇರಿ, ಅಂದರೆ ಉಡುಗೊರೆ, ಮಾಡಿದರೆಂದು ಬರೆದುಕೊಳ್ಳುವುದು ಇಲ್ಲಿನ ಹಳೆಯ ರೂಢಿ; ಮುಂದೆ ಅವರ ಮನೆಯ ಕಾರ್ಯಕ್ಕೆ ಮುಯ್ಯಿ ತೀರಿಸಲು ಅದೇ ಆಧಾರ. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ರೂಪಿಸಿದ ನಿಯಮಗಳು ಇಂಥದೇ ಒಂದು ಪಟ್ಟಿಯನ್ನು ಕಡ್ಡಾಯ ಮಾಡಿವೆ. ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಬೇರೆ ಬೇರೆಯಾಗಿ, ಲಗ್ನದ ವೇಳೆಗೆ ಅಥವಾ ಅದಾದ ಮೇಲೆ ಆದಷ್ಟು ಬೇಗ ಬರೆದಿಡಬೇಕು. ಪ್ರತಿ ವಸ್ತುವಿನ ಚುಟುಕು ವಿವರಣೆ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಸಂಬಂಧಿಕರಾಗಿದ್ದರೆ ಆ ಸಂಬಂಧ ಇವಿಷ್ಟು ಅದರಲ್ಲಿರಬೇಕು. ಇಬ್ಬರೂ ಸಹಿ ಹಾಕಬೇಕು. ಕೇಳಿ ಪಡೆದ ವರದಕ್ಷಿಣೆ ಯಾವ ಪಟ್ಟಿಯಲ್ಲಿದ್ದರೂ ಅಪರಾಧವೇ. ಆದರೆ ತವರಿನವರು ಪ್ರೀತಿಯಿಂದ ಕೊಟ್ಟ ಆಭರಣ, ಪಾತ್ರೆ, ಹಣಗಳು ಸ್ತ್ರೀಧನವಾಗಿದ್ದು, ಅವು ಸಂಪೂರ್ಣವಾಗಿ ಆಕೆಯ ಸ್ವತ್ತೆಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಂಡನ ಮನೆಯ ತಿಜೋರಿಯೊಳಗೆ ಸೇರಿಹೋದ ಬಂಗಾರ ಯಾರದೆಂಬ ಪ್ರಶ್ನೆ ಎದ್ದಾಗ ಆಕೆಯ ಬಳಿ ಒಂದು ಸಹಿ ಮಾಡಿದ ಹಾಳೆ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಇಷ್ಟು ಮಹತ್ವದ ಕೆಲಸಕ್ಕೆ ಬೇಕಾಗಿರುವುದು ಆಯೇರಿಯ ವಹಿಯಲ್ಲಿ ಎರಡು ಭಾಗ ಮಾಡಿ, ಬೆಲೆಯ ಮತ್ತು ಸಂಬಂಧದ ಎರಡು ಕಲಮುಗಳನ್ನು ಹೆಚ್ಚಿಗೆ ಎಳೆಯುವುದು ಮಾತ್ರ. ಮುಸ್ಲಿಂ ಕುಟುಂಬಗಳ ನಿಕಾಹ್‌ನಲ್ಲಿ ಮಹರ್, ಅಂದರೆ ವರನು ವಧುವಿಗೆ ಸಲ್ಲಿಸಬೇಕಾದ ಧನ, ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿದ್ದು, ಅದರ ಮೊತ್ತವನ್ನೂ ಸಲ್ಲಿಕೆಯ ಬಗೆಯನ್ನೂ ನಿಕಾಹ್‌ನಾಮಾದಲ್ಲಿ ಬಿಡಿಸಿ ಬರೆಸುವುದಕ್ಕೆ ಇದೇ ಎಚ್ಚರ ಬೇಕು.

ಬಂಗಾರ ಕೊಳ್ಳುವಾಗ ರಸೀದಿ ಪಡೆಯುವ ಅಭ್ಯಾಸವೂ ಈ ಪಟ್ಟಿಗೆ ಆಧಾರವಾಗುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಗಳ ಮೇಲೆ ಅಕ್ಷರ ಮತ್ತು ಅಂಕಿಗಳಿಂದ ಕೂಡಿದ 6 ಚಿಹ್ನೆಗಳ ಎಚ್‌ಯುಐಡಿ ಎಂಬ ಗುರುತಿರಬೇಕಾಗಿದ್ದು, ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಆ ಗುರುತನ್ನು ಉಡುಗೊರೆಯ ಪಟ್ಟಿಯಲ್ಲಿ ಬರೆದರೆ ಒಡವೆ ಯಾವುದೆಂಬ ಸಂಶಯವೇ ಉಳಿಯುವುದಿಲ್ಲ. ಒಂದೇ ಸಮಾರಂಭಕ್ಕಾಗಿ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಕಾರ್ಯಾಲಯ, ಅಡುಗೆ, ಜವಳಿಯ ದೊಡ್ಡ ಪಾವತಿಗಳನ್ನು ಬ್ಯಾಂಕಿನ ಮೂಲಕ ಮಾಡಿದರೆ ಮುಂಗಡದ ಬಗೆಗಿನ ತಕರಾರುಗಳಿಗೂ ಪುರಾವೆ ಇರುತ್ತದೆ.

ಅಕ್ಷತೆಯ ಮರುದಿನದ ಕೆಲಸಗಳಿಗೆ ಮನೆಯಲ್ಲಿ ಎಚ್ಚರವಿರುವವರೇ ಇರುವುದಿಲ್ಲ. ಬಾಡಿಗೆಯ ಭಾಂಡೆಗಳನ್ನು ಎಣಿಸಿ ಮರಳಿಸುವುದು, ಕಾರ್ಯಾಲಯದ ಠೇವಣಿ ಪಡೆಯುವುದು, ವಾಜಂತ್ರಿಯವರ ಬಾಕಿ ಚುಕ್ತಾ ಮಾಡುವುದನ್ನು ಲಗ್ನದ ದಣಿವಿಲ್ಲದ ಒಬ್ಬ ಸೋದರಮಾವನಿಗೋ ಅಳಿಯನಿಗೋ ಮೊದಲೇ ಒಪ್ಪಿಸಿರಬೇಕು. ಮದುವೆಯ ನೋಂದಣಿಯನ್ನು 2006ರ ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಧರ್ಮೀಯರಿಗೂ ಕಡ್ಡಾಯ ಮಾಡುವಂತೆ ನಿರ್ದೇಶಿಸಿದ್ದು, ಹಿಂದೂ ವಿವಾಹಗಳ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಯ ಜೊತೆಗೆ 2024ರ ಫೆಬ್ರವರಿಯಿಂದ ಕಾವೇರಿ 2.0 ತಂತ್ರಾಂಶದ ಮೂಲಕ ಆನ್‌ಲೈನ್ ಅವಕಾಶವೂ ದೊರೆತಿದೆ. ಪತ್ರಿಕೆಯ ಒಂದೆರಡು ಪ್ರತಿ, ವಧೂವರರಿಬ್ಬರೂ ಸ್ಪಷ್ಟವಾಗಿ ಕಾಣುವ ಅಕ್ಷತೆಯ ಫೋಟೊ, ಮೂವರು ಸಾಕ್ಷಿಗಳ ಗುರುತಿನ ದಾಖಲೆಗಳನ್ನು ನೆಂಟರು ಚದುರುವ ಮೊದಲೇ ಕೂಡಿಸಿಟ್ಟುಕೊಳ್ಳಬೇಕು, ಏಕೆಂದರೆ ಸಾಕ್ಷಿಯಾಗಲು ಒಪ್ಪಿದವರು ಪುಣೆಗೋ ಬೆಂಗಳೂರಿಗೋ ಮರಳಿದ ಮೇಲೆ ಆ ಕೆಲಸ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಳ್ಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಗಂಡನ ಮನೆಯಲ್ಲಿ ಹೊಸ ಹೆಸರಿಡುವ ರೂಢಿಯಿದ್ದರೂ ದಾಖಲೆಗಳಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಳ್ಳಲು ಆಕೆಗೆ ಪೂರ್ಣ ಅಧಿಕಾರವಿದೆ. ತವರಿನ ಪಡಿತರ ಚೀಟಿಯಿಂದ ಆಕೆಯ ಹೆಸರನ್ನು ತೆಗೆಸದೆ ಗಂಡನ ಮನೆಯ ಚೀಟಿಗೆ ಸೇರಿಸಲಾಗುವುದಿಲ್ಲವಾದ್ದರಿಂದ ಆ ಕೆಲಸವನ್ನು ತವರಿನವರು ಆರಂಭಿಸಬೇಕಾಗುತ್ತದೆ, ಮತದಾರರ ಪಟ್ಟಿಯಲ್ಲಿ ವಾಸಸ್ಥಳ ಬದಲಿಸಲು ನಮೂನೆ 8ರಲ್ಲಿ ಅರ್ಜಿಯನ್ನು ಆಕೆಯೇ ಹೊಸ ಊರಿನಿಂದ ಸಲ್ಲಿಸಬೇಕಾಗುತ್ತದೆ.